ಹಳದಿ ಆಯ್ತು, ಮುಂದೆ ಕಿತ್ತಳೆ: ಕರಾಟೆ ಬೆಲ್ಟ್‌ಗಳ ಲೆಕ್ಕ ಏನು?

ಕಳೆದ ತಿಂಗಳು ನಮ್ಮ ಓಣಿಯ ಅಕ್ಕ ಒಬ್ಬರು ಒಂದು ಚೀಟಿ ಹಿಡಿದುಕೊಂಡು ಮನೆಗೆ ಬಂದರು. ಅವರು ಇಲ್ಲೇ ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ಹೊಲಿಗೆ ಕೆಲಸ ಮಾಡುತ್ತಾರೆ. ಮಗಳು ಏಳನೇ ತರಗತಿ. ಸರ್ಕಾರಿ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಮೂರು ತಿಂಗಳು ಆತ್ಮರಕ್ಷಣೆಯ ತರಬೇತಿ ಕೊಡುತ್ತಾರಲ್ಲ, ಅದು ಮುಗಿದ ಮೇಲೆ ಹುಡುಗಿ ಹಟ ಹಿಡಿದು ಹೊರಗಿನ ಕರಾಟೆ ಕ್ಲಾಸಿಗೆ ಸೇರಿದ್ದಳು. ಚೀಟಿಯಲ್ಲಿ ಹೀಗಿತ್ತು: ಮುಂದಿನ ಭಾನುವಾರ ಗ್ರೇಡಿಂಗ್, ಹಳದಿಯಿಂದ ಕಿತ್ತಳೆ ಬೆಲ್ಟ್, ಪರೀಕ್ಷೆಯ ಫೀಸು ಶುಕ್ರವಾರದೊಳಗೆ ಕಟ್ಟಬೇಕು.

"ಅಣ್ಣ, ಹೋದ ಸಲ ಹಳದಿ ಅಂದ್ರು, ಕಟ್ಟಿದೆ. ಈಗ ಕಿತ್ತಳೆ ಅಂತಾರೆ. ಇದು ಕ್ಲಾಸ್ ಪಾಸಾದಂಗಾ, ಇಲ್ಲಾ ಸುಮ್ನೆ ಬಟ್ಟೆಪಟ್ಟಿಗೆ ರೊಕ್ಕ ಕೊಟ್ಟಂಗಾ? ಇನ್ನೂ ಎಷ್ಟು ಬಣ್ಣ ಅದಾವೆ?"

ಪೀಸ್ ಲೆಕ್ಕದಲ್ಲಿ ದುಡಿಯುವ ತಾಯಿ ಕೇಳಲೇಬೇಕಾದ ಪ್ರಶ್ನೆ ಇದು. ನಾನು ಕಾಲೇಜು ದಿನಗಳಲ್ಲಿ ಕಂದು ಬೆಲ್ಟ್‌ವರೆಗೆ ಕಲಿತವನು. ಆದರೂ ಅವತ್ತು ಅವರಿಗೆ ನಿಂತ ನಿಲುವಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಬಳ್ಳಾರಿ, ಸಿರುಗುಪ್ಪ, ಗಂಗಾವತಿ, ರಾಯಚೂರು, ಎಲ್ಲಿ ನೋಡಿದರೂ ಸಂಜೆ ಬಿಸಿಲು ಇಳಿಯುತ್ತಿದ್ದಂತೆ ಬಿಳಿ ಡ್ರೆಸ್ ಹಾಕಿದ ಮಕ್ಕಳು ಕಾಣುತ್ತಾರೆ. ಅವರ ಮನೆಯವರಿಗೆಲ್ಲ ಇದೇ ಪ್ರಶ್ನೆ ಇರುತ್ತದೆ ಅನ್ನಿಸಿ, ಮೊದಲಿನಿಂದ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲಿಗೆ, ಬೆಲ್ಟ್ ಅಂದರೆ

ಅದು ದಪ್ಪ ಹತ್ತಿ ಬಟ್ಟೆಯ ಪಟ್ಟಿ. ಉದ್ದಕ್ಕೂ ಸಾಲು ಸಾಲು ಹೊಲಿಗೆ. ಮೇಲಂಗಿ ಬಿಚ್ಚಿಕೊಳ್ಳದಂತೆ ಸೊಂಟಕ್ಕೆ ಸುತ್ತಿ ಮುಂದೆ ಗಂಟು ಹಾಕುತ್ತಾರೆ. ಜಪಾನಿ ಭಾಷೆಯಲ್ಲಿ ಅದಕ್ಕೆ ಓಬಿ ಎಂದು ಹೆಸರು. ಕಿಮೋನೊ ಉಡುವ ಜಪಾನಿನಲ್ಲಿ ಓಬಿ ದಿನನಿತ್ಯದ ವಸ್ತು, ನಮ್ಮಲ್ಲಿ ಪಂಚೆಯ ಮೇಲೆ ನಡುಪಟ್ಟಿ ಇದ್ದ ಹಾಗೆ. ದಿನಾ ಉಡುವ ಈ ಪಟ್ಟಿಗೆ ಬಣ್ಣದ ಅರ್ಥ ಬಂದಿದ್ದು ತೀರಾ ಇತ್ತೀಚೆಗೆ. ಸುಮಾರು 140 ವರ್ಷಗಳ ಹಿಂದಿನ ಮಾತು, ಅಷ್ಟೇ.

ಇದು ಒಬ್ಬ ಮೇಷ್ಟ್ರ ಯೋಚನೆ

ಬೆಲ್ಟ್ ಪದ್ಧತಿ ಸಾವಿರಾರು ವರ್ಷ ಹಳೆಯದು ಎಂದು ಬಹಳ ಜನ ನಂಬಿದ್ದಾರೆ. ಹಾಗಲ್ಲ. ಅದಕ್ಕೆ ಹುಟ್ಟಿದ ಊರು ಇದೆ, ಹುಟ್ಟಿಸಿದವರ ಹೆಸರೂ ಇದೆ. ಅದು ಮೊದಲು ಬಂದಿದ್ದು ಕರಾಟೆಯಲ್ಲಲ್ಲ, ಎದುರಾಳಿಯನ್ನು ಹಿಡಿದು ಕೆಡಹುವ ಜೂಡೊದಲ್ಲಿ. ಜಿಗೊರೊ ಕಾನೊ ಎಂಬ ಜಪಾನಿ ಶಿಕ್ಷಕರು 1882ರಲ್ಲಿ ಟೋಕಿಯೊದ ಒಂದು ಬೌದ್ಧ ದೇವಾಲಯದ ಆವರಣದಲ್ಲಿ ಕೊಡೊಕಾನ್ ಎಂಬ ಶಾಲೆ ತೆರೆದು ಜೂಡೊ ಕಲಿಸಲು ಶುರು ಮಾಡಿದರು. ಆಗ ಅವರಿಗಿನ್ನೂ 21 ವರ್ಷ. ಮುಂದೆ ಅವರು ಶಿಕ್ಷಕರನ್ನೇ ತಯಾರು ಮಾಡುವ ಟೋಕಿಯೊದ ದೊಡ್ಡ ಕಾಲೇಜಿನ ಮುಖ್ಯಸ್ಥರೂ ಆದರು. 1909ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಸೇರಿದ ಏಷ್ಯಾದ ಮೊದಲ ಸದಸ್ಯರೂ ಅವರೇ.

ಕಾನೊ ಅವರಿಗಿಂತ ಮುಂಚೆ ಏನಿತ್ತು? ಜೂಡೊಗೆ ಮೂಲವಾದ ಜುಜುತ್ಸು ಎಂಬ ಹಳೆಯ ಕಾದಾಟ ವಿದ್ಯೆಯ ಮನೆತನಗಳಲ್ಲಿ ಗುರು ಶಿಷ್ಯನಿಗೆ ಸುರುಳಿ ಕಾಗದದ ಮೇಲೆ ಬರೆದು ಕೊಡುತ್ತಿದ್ದರು: ನೀನು ಇಷ್ಟು ಕಲಿತಿದ್ದೀಯ ಎಂದು. ಒಂದು ಸುರುಳಿಗೂ ಇನ್ನೊಂದಕ್ಕೂ ನಡುವೆ ವರ್ಷಗಟ್ಟಲೆ ಅಂತರ. ಕೊನೆಯ ಸುರುಳಿ ಸಿಕ್ಕರೆ, ಗುರು ತನಗೆ ಗೊತ್ತಿದ್ದೆಲ್ಲ ಧಾರೆ ಎರೆದರು ಎಂದರ್ಥ. ಹತ್ತಿಪ್ಪತ್ತು ಶಿಷ್ಯರಿರುವ ಮನೆಗೆ ಇದು ಸಾಕು. ಆದರೆ ನೂರಾರು ವಿದ್ಯಾರ್ಥಿಗಳಿರುವ ಶಾಲೆಗೆ ಸಾಲದು.

ಅಂಜನಾದ್ರಿ ಬೆಟ್ಟ ನೆನಪಿಸಿಕೊಳ್ಳಿ. ಕೊಪ್ಪಳ ಜಿಲ್ಲೆಯ ಆನೆಗೊಂದಿ ಹತ್ತಿರ ಇರುವ ಆ ಬೆಟ್ಟಕ್ಕೆ 500ಕ್ಕೂ ಜಾಸ್ತಿ ಮೆಟ್ಟಿಲುಗಳಿವೆ. ಅಜ್ಜಿಯರೂ ಹತ್ತುತ್ತಾರೆ, ಮಕ್ಕಳೂ ಹತ್ತುತ್ತಾರೆ. ಅದೇ ಬಂಡೆಗೆ ಬರೀ ಮೂರು ಎತ್ತರದ ಕಟ್ಟೆ ಕಟ್ಟಿ ಹತ್ತಿ ಅಂದಿದ್ದರೆ? ಗಟ್ಟಿಗರು ನಾಲ್ಕು ಜನ ಹತ್ತುತ್ತಿದ್ದರು, ಉಳಿದವರು ಕೆಳಗೇ ಕೈಮುಗಿದು ವಾಪಸ್ ಬರುತ್ತಿದ್ದರು. ಕಾನೊ ಮಾಡಿದ್ದು ದೊಡ್ಡ ಕಟ್ಟೆಗಳನ್ನು ಒಡೆದು ಸಣ್ಣ ಮೆಟ್ಟಿಲು ಮಾಡುವ ಕೆಲಸ. ಅವರು ಆರಿಸಿಕೊಂಡ ಪದದ ಅರ್ಥವೂ ಅದೇ. 'ಡ್ಯಾನ್' ಅಂದರೆ ಮೆಟ್ಟಿಲು, ಹಂತ. ಅದನ್ನು ಅವರು ಕುಸ್ತಿಯಿಂದ ತಂದದ್ದೂ ಅಲ್ಲ. ಕಪ್ಪು ಬಿಳಿ ಕಲ್ಲುಗಳನ್ನು ಹಲಗೆಯ ಮೇಲೆ ಇಟ್ಟು ಆಡುವ 'ಗೊ' ಎಂಬ ಜಪಾನಿ ಆಟದಲ್ಲಿ 17ನೇ ಶತಮಾನದಿಂದಲೇ ಆಟಗಾರರಿಗೆ ಡ್ಯಾನ್ ಶ್ರೇಣಿ ಇತ್ತು. ಕಾನೊ ಅಲ್ಲಿಂದ ಎತ್ತಿಕೊಂಡರು.

1883ರಲ್ಲಿ ಅವರು ತಮ್ಮ ಇಬ್ಬರು ಶಿಷ್ಯರಿಗೆ ಮೊದಲ ಡ್ಯಾನ್ ಕೊಟ್ಟರು: ಶಿರೊ ಸೈಗೊ, ತ್ಸುನೆಜಿರೊ ತೊಮಿತ. ಆಗ ಬೆಲ್ಟ್ ಬಣ್ಣ ಇರಲಿಲ್ಲ. 1886ರ ಸುಮಾರಿಗೆ ಡ್ಯಾನ್ ಪಡೆದವರು ಕಪ್ಪು ಪಟ್ಟಿ ಕಟ್ಟುವ ರೂಢಿ ಬಂತು. ಉಳಿದವರದು ಬಿಳಿ.

ಇಲ್ಲಿ ಒಂದು ದಂತಕಥೆ ಬಿಡಿಸಿಬಿಡೋಣ. ಬೆಲ್ಟ್ ತೊಳೆಯಬಾರದು, ಬಿಳಿ ಪಟ್ಟಿ ಬೆವರು ಮಣ್ಣು ಕುಡಿದು ಹಳದಿಯಾಗಿ, ಹಸಿರಾಗಿ, ಕಂದಾಗಿ, ಕೊನೆಗೆ ಕಪ್ಪಾಗುತ್ತಿತ್ತು, ಬಣ್ಣಗಳು ಬಂದದ್ದು ಹಾಗೆ ಎಂದು ಎಷ್ಟೋ ಕ್ಲಾಸುಗಳಲ್ಲಿ ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಇತಿಹಾಸ ಹಾಗಿಲ್ಲ. ಮೊದಲು ಬಂದಿದ್ದೇ ಬಿಳಿ ಮತ್ತು ಕಪ್ಪು. ನಡುವಿನ ಬಣ್ಣಗಳು ಆಮೇಲೆ ಸೇರಿದವು. ನಮ್ಮೂರಿನ ಬೇಸಿಗೆಯಲ್ಲಿ ಮಕ್ಕಳ ಬೆಲ್ಟ್ ತೊಳೆಯದೆ ಇಟ್ಟರೆ ನಾತ ಬರುತ್ತದೆ ಅಷ್ಟೇ, ಧಾರಾಳವಾಗಿ ತೊಳೆಯಿರಿ.

ಬಣ್ಣ ಬಂದಿದ್ದು ಯುರೋಪಿನಿಂದ

ಜೂಡೊ ಯುರೋಪಿಗೆ ಹೋದಾಗ ಒಂದು ತೊಂದರೆ ಕಾಣಿಸಿತು. ವಾರಕ್ಕೆ ಎರಡು ಸಂಜೆ ಬರುವ ಜನ. ಬಿಳಿ ಬೆಲ್ಟ್ ಕಟ್ಟಿಕೊಂಡು ವರ್ಷಗಟ್ಟಲೆ ಅದೇ ಬಣ್ಣದಲ್ಲಿ ಇರಬೇಕು. ತಾವು ಮುಂದೆ ಹೋಗುತ್ತಿದ್ದೇವಾ, ನಿಂತಲ್ಲೇ ನಿಂತಿದ್ದೇವಾ ಎಂದು ಅವರಿಗೆ ತಿಳಿಯುತ್ತಿರಲಿಲ್ಲ. 1920ರ ದಶಕದಲ್ಲೇ ಲಂಡನ್ನಿನ ಬುಡೊಕ್ವೈ ಎಂಬ ಕ್ಲಬ್ಬಿನಲ್ಲಿ ಬಣ್ಣದ ಬೆಲ್ಟ್‌ಗಳು ಬಳಕೆಗೆ ಬಂದವು. 1930ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಕಲಿಸುತ್ತಿದ್ದ ಮಿಕಿನೊಸುಕೆ ಕವೈಶಿ ಅದನ್ನು ಒಂದು ಕ್ರಮಕ್ಕೆ ತಂದು ಜನಪ್ರಿಯ ಮಾಡಿದರು. ಬಿಳಿ, ಹಳದಿ, ಕಿತ್ತಳೆ, ಹಸಿರು, ನೀಲಿ, ಕಂದು, ಆಮೇಲೆ ಕಪ್ಪು. ತಿಳಿ ಬಣ್ಣದಿಂದ ಗಾಢ ಬಣ್ಣಕ್ಕೆ.

ಕರಾಟೆ ಈ ಪದ್ಧತಿಯನ್ನು ಜೂಡೊದಿಂದ ಪಡೆಯಿತು. ಓಕಿನಾವ ದ್ವೀಪದಲ್ಲಿ ಕರಾಟೆ ಕಲಿಯುತ್ತಿದ್ದವರಿಗೆ ಬೆಲ್ಟೂ ಇರಲಿಲ್ಲ, ಈ ಬಿಳಿ ಡ್ರೆಸ್ಸೂ ಇರಲಿಲ್ಲ. ಅಲ್ಲಿನ ಶಾಲಾ ಶಿಕ್ಷಕ ಗಿಚಿನ್ ಫುನಾಕೊಶಿ 1922ರಲ್ಲಿ ಟೋಕಿಯೊಗೆ ಬಂದು ಕರಾಟೆ ಪ್ರದರ್ಶನ ಮಾಡಿದರು. ಅವರಿಗೆ ಕಾನೊ ಬೆಂಬಲ ಕೊಟ್ಟರು. ಫುನಾಕೊಶಿ 1924ರಲ್ಲಿ ತಮ್ಮ ಶಿಷ್ಯರಿಗೆ ಮೊದಲ ಬಾರಿ ಡ್ಯಾನ್ ಕೊಟ್ಟರು. ಆಮೇಲೆ ಕೊರಿಯಾದ ಟೇಕ್ವಾಂಡೊ ಕೂಡ ಇದೇ ದಾರಿ ಹಿಡಿಯಿತು.

ಇಳಿಯುವ ಸಂಖ್ಯೆ, ಏರುವ ಸಂಖ್ಯೆ

ಸರ್ಟಿಫಿಕೇಟ್ ನೋಡಿದರೆ ಬಣ್ಣದ ಜೊತೆ ಒಂದು ಸಂಖ್ಯೆ ಇರುತ್ತದೆ. 8ನೇ ಕ್ಯು, 7ನೇ ಕ್ಯು ಹೀಗೆ. ಕ್ಯು ಅಂದರೆ ಕಪ್ಪು ಬೆಲ್ಟ್‌ಗೆ ಮುಂಚಿನ ದರ್ಜೆ. ಎಷ್ಟೋ ತಾಯಿತಂದೆಯರು ಇದನ್ನು ನೋಡಿ ಗಾಬರಿಯಾಗುತ್ತಾರೆ. ಹೋದ ಸಲ 8 ಇತ್ತು, ಈಗ 7 ಬಂತು, ಮಗು ಹಿಂದೆ ಬಿದ್ದಿತಾ ಎಂದು. ಇಲ್ಲ, ಮುಂದೆ ಹೋಗಿದೆ.

ಸಿರುಗುಪ್ಪದಿಂದ ಬಳ್ಳಾರಿಗೆ ಬರುವಾಗ ರಸ್ತೆ ಬದಿಯ ಕಲ್ಲು ನೋಡಿ. ಬಳ್ಳಾರಿ 30, ಬಳ್ಳಾರಿ 20, ಬಳ್ಳಾರಿ 10. ಸಂಖ್ಯೆ ಇಳಿದಷ್ಟೂ ಊರು ಹತ್ತಿರ. ಕ್ಯು ಲೆಕ್ಕ ಹಾಗೆ. ಸಾಮಾನ್ಯವಾಗಿ 10 ಅಥವಾ 9ರಿಂದ ಶುರುವಾಗಿ 1ಕ್ಕೆ ಇಳಿಯುತ್ತದೆ. 1ನೇ ಕ್ಯು ಅಂದರೆ ಕಪ್ಪು ಬೆಲ್ಟ್‌ಗೆ ಇನ್ನೊಂದೇ ಹೆಜ್ಜೆ. ಕಪ್ಪು ಬೆಲ್ಟ್ ಬಂದ ಮೇಲೆ ಲೆಕ್ಕ ತಿರುಗುತ್ತದೆ. 1ನೇ ಡ್ಯಾನ್, 2ನೇ ಡ್ಯಾನ್ ಎಂದು ಮೇಲಕ್ಕೆ ಏರುತ್ತದೆ, 10ರವರೆಗೆ. ಟೇಕ್ವಾಂಡೊದಲ್ಲಿ ಕ್ಯು ಬದಲು 'ಗುಪ್' ಅನ್ನುತ್ತಾರೆ, ಲೆಕ್ಕ ಅದೇ.

1ನೇ ಡ್ಯಾನ್‌ಗೆ ಜಪಾನಿಯಲ್ಲಿ ಶೋಡಾನ್ ಎಂದು ಹೆಸರು. ಪದಶಃ ಅರ್ಥ: ಆರಂಭದ ಮೆಟ್ಟಿಲು. ಅಕ್ಷರ ಕಲಿತಾಯಿತು, ಇನ್ನು ಓದು ಶುರು ಎಂಬ ಹಾಗೆ. ನಾವು ಕಪ್ಪು ಬೆಲ್ಟ್ ಅಂದರೆ ಪದವಿ ಮುಗಿದಂತೆ ಅಂದುಕೊಳ್ಳುತ್ತೇವೆ. ಹೆಸರಿಟ್ಟವರು ಹಾಗೆ ಅಂದುಕೊಂಡಿರಲಿಲ್ಲ.

ಪರೀಕ್ಷೆಯಲ್ಲಿ ಏನು ನೋಡುತ್ತಾರೆ

ಅಕ್ಕನಿಗೆ ಎಲ್ಲಕ್ಕಿಂತ ಜಾಸ್ತಿ ಬೇಕಾಗಿದ್ದು ಈ ಭಾಗ. ಕರಾಟೆ ಗ್ರೇಡಿಂಗ್‌ನಲ್ಲಿ ಸಾಮಾನ್ಯವಾಗಿ ಮೂರು ಭಾಗ ಇರುತ್ತವೆ. ಕಿಹೊನ್ ಅಂದರೆ ಬಿಡಿಬಿಡಿ ಹೊಡೆತ, ತಡೆ, ಒದೆತ. ಕಟಾ ಅಂದರೆ ಎದುರಾಳಿ ಇದ್ದಾನೆ ಎಂದುಕೊಂಡು ಒಬ್ಬರೇ ಮಾಡುವ, ಮೊದಲೇ ಗೊತ್ತುಮಾಡಿದ ಚಲನೆಗಳ ಸರಣಿ. ಕುಮಿಟೆ ಅಂದರೆ ಜೋಡಿಯ ಜೊತೆ ಕಾದಾಟ. ಭಾಷೆ ಕಲಿಯುವ ಹಾಗೆ ನೋಡಿದರೆ ಅಕ್ಷರ, ಪಾಠ, ಮಾತುಕತೆ.

ಕಟಾ ಸ್ವಲ್ಪ ಹತ್ತಿರದಿಂದ ನೋಡೋಣ. ಶೊಟೊಕಾನ್ ಶೈಲಿಯಲ್ಲಿ ಮಕ್ಕಳು ಮೊದಲ ಹಂತಗಳಲ್ಲಿ ಕಲಿಯುವುದು ಹೆಯಾನ್ ಕಟಾಗಳು. ಒಟ್ಟು ಐದು. 20ನೇ ಶತಮಾನದ ಆರಂಭದಲ್ಲಿ ಓಕಿನಾವದ ಆಂಕೊ ಇತೊಸು ಅವರು ಶಾಲಾ ಮಕ್ಕಳಿಗೆ ಎಂದೇ ಇವನ್ನು ಜೋಡಿಸಿದರು. ಮೊದಲನೆಯದು ಹೆಯಾನ್ ಶೋಡಾನ್. ಇಲ್ಲಿ ಶೋಡಾನ್ ಅಂದರೆ ಮೊದಲನೆಯದು ಎಂದಷ್ಟೇ, ಕಪ್ಪು ಬೆಲ್ಟ್ ಅಲ್ಲ. ಅದರಲ್ಲಿ 21 ಚಲನೆ. ಎಡಕ್ಕೆ ತಿರುಗಿ ಕೆಳಗಿನ ತಡೆ, ಹೆಜ್ಜೆ ಇಟ್ಟು ಪಂಚ್. ಹಿಂದಕ್ಕೆ ತಿರುಗಿ ಮತ್ತೆ ತಡೆ, ಪಂಚ್. ಆಮೇಲೆ ನೇರ ಮುಂದಕ್ಕೆ ಮೂರು ಹೆಜ್ಜೆ, ಮೂರರಲ್ಲೂ ತಲೆಗೆ ಬರುವ ಹೊಡೆತ ತಡೆಯುವುದು. ಆ ತುದಿಯಲ್ಲಿ ಬಲಕ್ಕೂ ಎಡಕ್ಕೂ ತಿರುಗಿ, ವಾಪಸ್ ಬರುತ್ತಾ ಮೂರು ಪಂಚ್. ಕೊನೆಗೆ ನಾಲ್ಕು ಸಲ ಕೈಯಂಚಿನಿಂದ ತಡೆ. ಎರಡು ಕಡೆ 'ಕಿಯಾಯ್', ಅಂದರೆ ಹೊಟ್ಟೆಯಿಂದ ಬರುವ ಕೂಗು.

ಇದನ್ನು ನೋಡಿದರೆ ಕವಾಯತು ಅನ್ನಿಸಬಹುದು. ಆದರೆ ಇದರಲ್ಲಿ ಒಂದು ಜಾಣತನ ಇದೆ. ಎಲ್ಲಿ ಶುರು ಮಾಡಿದೆವೋ ಅಲ್ಲಿಗೇ ಬಂದು ಕಟಾ ಮುಗಿಯಬೇಕು. ಮುಂದೆ ಹೋದ ಮೂರು ಹೆಜ್ಜೆಯಷ್ಟೇ ಉದ್ದ ವಾಪಸ್ ಬರುವ ಮೂರು ಹೆಜ್ಜೆಯೂ ಇರಬೇಕು. ಮಗು ದಣಿದು ಹೆಜ್ಜೆ ಗಿಡ್ಡ ಮಾಡಿತು ಅನ್ನಿ, ಶುರುವಾದ ಜಾಗಕ್ಕೆ ಮುಟ್ಟುವುದಿಲ್ಲ. ತಿರುಗುವಾಗ ಹಿಂದಿನ ಕಾಲು ಸರಿಯಾಗಿ ಬೀಳಲಿಲ್ಲ ಅನ್ನಿ, ಅಡ್ಡ ಸರಿದಿರುತ್ತದೆ. ಪರೀಕ್ಷಕರು ಟೇಪು ಹಿಡಿದು ಅಳೆಯಬೇಕಿಲ್ಲ, ಮಗು ಕೊನೆಗೆ ನಿಂತ ಜಾಗವೇ ಹೇಳುತ್ತದೆ. ನಾನು ಎರಡನೇ ಪರೀಕ್ಷೆಯಲ್ಲಿ ನಪಾಸಾಗಿದ್ದು ಇದರಿಂದಲೇ. ಚಲನೆ ಒಂದೂ ತಪ್ಪಿರಲಿಲ್ಲ. ಆದರೆ ಮುಗಿಸಿದಾಗ ಶುರುವಿನ ಗೆರೆಯಿಂದ ಒಂದು ಮಾರು ದೂರ ನಿಂತಿದ್ದೆ. ಆಮೇಲೆ ಮೂರು ತಿಂಗಳು ಬರೀ ನಿಲುವಿನ ಮೇಲೆ ಕೆಲಸ ಮಾಡಿದೆ. ಇವತ್ತಿಗೂ ಕಾಲಲ್ಲಿ ಅದು ಉಳಿದಿದೆ.

ಕುಮಿಟೆಯೂ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಮೊದಲು ಐದು ಹೆಜ್ಜೆಯದು: ಎದುರಿನವರು ಎಲ್ಲಿ ಹೊಡೆಯುತ್ತೇನೆ ಎಂದು ಹೇಳಿ ಐದು ಸಲ ಹೊಡೆಯುತ್ತಾರೆ, ಮಗು ಹಿಂದೆ ಸರಿಯುತ್ತಾ ತಡೆಯುತ್ತದೆ. ಆಮೇಲೆ ಒಂದೇ ಹೆಜ್ಜೆಯದು. ಕಂದು ಬೆಲ್ಟ್ ಹತ್ತಿರ ಬಂದಾಗ ಹೇಳದೆ ಕೇಳದೆ ಆಡುವ ಮುಕ್ತ ಕಾದಾಟ. ಮೊದಲ ದಿನವೇ ಮುಕ್ತವಾಗಿ ಬಿಟ್ಟರೆ ಮಗು ಕಲಿಯುವುದು ಒಂದೇ: ಕಣ್ಣು ಮುಚ್ಚಿಕೊಳ್ಳುವುದು.

ಜೂಡೊದಲ್ಲಿ ಮೊದಲ ಪಾಠ ಬೀಳುವುದು. ಪೆಟ್ಟಾಗದಂತೆ ಬೀಳಲು ಬಂದ ಮೇಲೆ ಎಸೆತಗಳು. ಕೊಡೊಕಾನ್ 1920ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ 40 ಎಸೆತಗಳಿವೆ, ಎಂಟೆಂಟರಂತೆ ಐದು ಗುಂಪು. ಅಲ್ಲಿ ಪಂದ್ಯ ಗೆದ್ದ ಲೆಕ್ಕವೂ ಬಡ್ತಿಗೆ ಸೇರುತ್ತದೆ.

ತರಗತಿಯೊಳಗೆ ಬೆಲ್ಟ್ ಮಾಡುವ ಕೆಲಸ

ಒಂದೇ ಕೋಣೆಯಲ್ಲಿ ಒಂದರಿಂದ ಐದನೇ ತರಗತಿ ನಡೆಯುವ ಹಳ್ಳಿ ಶಾಲೆ ನೋಡಿದ್ದೀರಲ್ವಾ? ಮೇಷ್ಟ್ರಿಗೆ ಯಾವ ಮಗು ಯಾವ ಪಾಠದಲ್ಲಿದೆ ಎಂದು ತಿಳಿದಿರಬೇಕು. ಕರಾಟೆ ಕ್ಲಾಸೂ ಹಾಗೆಯೇ. ಆರು ವರ್ಷದವರಿಂದ ಮೂವತ್ತರವರೆಗೆ ಒಂದೇ ಮೈದಾನ, ಒಬ್ಬರೇ ಮಾಸ್ಟರ್. ಬೆಲ್ಟ್ ನೋಡಿದರೆ ಸಾಕು, ಯಾರಿಗೆ ಏನು ಹೇಳಬೇಕು ಎಂದು ಗೊತ್ತಾಗುತ್ತದೆ.

ಸುರಕ್ಷತೆಯೂ ಅದರಲ್ಲೇ ಇದೆ. ಜೂಡೊದಲ್ಲಿ ಕುತ್ತಿಗೆ ಬಿಗಿಯುವ ಪಟ್ಟು, ಮೊಣಕೈ ತಿರುಚುವ ಪಟ್ಟು ಇವೆ. ಅವನ್ನು ಹೊಸಬರಿಗೂ ಸಣ್ಣ ಮಕ್ಕಳಿಗೂ ಕಲಿಸುವುದಿಲ್ಲ. ಹೊಸ ಜೋಡಿ ಎದುರು ನಿಂತಾಗ ಬಿಳಿ ಬೆಲ್ಟ್ ಕಂಡರೆ ಹಳಬರು ಎಸೆತ ಹಗುರ ಮಾಡುತ್ತಾರೆ. ಮೋಟರ್ ಸೈಕಲ್ಲಿನ ಹಿಂದೆ ಬರೆದ 'ಎಲ್' ಅಕ್ಷರ ಕಂಡು ನಾವು ಸ್ವಲ್ಪ ಜಾಗ ಬಿಡುತ್ತೇವಲ್ಲ, ಹಾಗೆ.

ಮಗುವಿನ ಮನಸ್ಸಿನಲ್ಲೂ ಅದು ಕೆಲಸ ಮಾಡುತ್ತದೆ. ಕಪ್ಪು ಬೆಲ್ಟ್ ವರ್ಷಗಳ ದೂರ. ಹನ್ನೆರಡು ವರ್ಷದ ಹುಡುಗಿಗೆ ಅಷ್ಟು ದೂರ ಕಾಣುವುದಿಲ್ಲ. ಮೂರು ನಾಲ್ಕು ತಿಂಗಳಲ್ಲಿ ಕಿತ್ತಳೆ ಅಂದರೆ ಕಾಣುತ್ತದೆ. ಸಂಗೀತ ಕಲಿಯುವವರಿಗೆ ನಮ್ಮ ರಾಜ್ಯದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಎಂದು ಪರೀಕ್ಷೆಗಳಿವೆ. ಜೂನಿಯರ್ ಪಾಸಾದವರನ್ನು ಯಾರೂ ವಿದ್ವಾಂಸರು ಅನ್ನುವುದಿಲ್ಲ. ಆದರೆ ಆ ಪರೀಕ್ಷೆ ಇಲ್ಲದಿದ್ದರೆ ಎಷ್ಟು ಮಕ್ಕಳು ಸರಳೆ ವರಸೆಯಲ್ಲೇ ಬಿಟ್ಟು ಹೋಗುತ್ತಿದ್ದರೋ.

ಗರಡಿ ಮನೆಯಲ್ಲಿ ಬೆಲ್ಟ್ ಯಾಕಿಲ್ಲ

ನಮ್ಮ ಕಡೆಯವರಿಗೆ ಈ ಅನುಮಾನ ಸಹಜ. ಕುಸ್ತಿ ಇಲ್ಲಿಗೆ ಹೊಸದಲ್ಲ. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಜಟ್ಟಿಗಳ ಕೆತ್ತನೆ ಇದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಮಹಾನವಮಿ ಹಬ್ಬದ ಕುಸ್ತಿಯ ಬಗ್ಗೆ ಬರೆದಿಟ್ಟಿದ್ದಾನೆ. ಅಷ್ಟು ಹಳೆಯ ವಿದ್ಯೆಗೆ ಬಣ್ಣದ ಪಟ್ಟಿ ಬೇಕಾಗಲಿಲ್ಲ.

ಕಾರಣ ಸರಳ. ಕುಸ್ತಿಯಲ್ಲಿ ಪ್ರತಿ ಸಂಜೆ ಪೈಲ್ವಾನರು ಪೂರ್ತಿ ಬಲ ಹಾಕಿ ಹಿಡಿಯುತ್ತಾರೆ. ಬೆನ್ನು ಮಣ್ಣಿಗೆ ತಾಗಿತೋ ಇಲ್ಲವೋ, ಅಷ್ಟೇ ಉತ್ತರ. ಯಾರು ಯಾರಿಗೆ ಜೋಡಿ ಎಂದು ವಸ್ತಾದರಿಗೆ ಕಣ್ಣಳತೆಯಲ್ಲೇ ಗೊತ್ತು. ಗೆದ್ದವರಿಗೆ ಪೇಟ, ಗದೆ, ಬೆಳ್ಳಿ ಕಡಗ ಸಿಗುತ್ತವೆ. ಅವು ಆ ದಿನದ ಗೆಲುವಿನ ಗುರುತು, ಕಲಿಕೆಯ ಹಂತದ ಗುರುತಲ್ಲ. ಕರಾಟೆಯ ಹೊಡೆತವನ್ನು ಹಾಗೆ ದಿನಾ ಪೂರ್ತಿ ಬಲದಲ್ಲಿ ಪರೀಕ್ಷೆ ಮಾಡಲು ಆಗುವುದಿಲ್ಲ, ಹಲ್ಲು ಮೂಗು ಉಳಿಯುವುದಿಲ್ಲ. ಹಾಗಾಗಿ ಕಲಿತದ್ದನ್ನು ಅಳೆಯಲು ಬೇರೆ ಅಳತೆ ಬೇಕಾಯಿತು.

ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಹತ್ತಿರ, ವಿದ್ಯಾನಗರ ವಿಜಯನಗರ ಟೌನ್‌ಶಿಪ್‌ಗಳ ಕಡೆ, 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಅಲ್ಲಿ ಬಾಕ್ಸಿಂಗ್, ಕುಸ್ತಿ, ಜೂಡೊ ಮೂರೂ ಕಲಿಸುತ್ತಾರೆ. ಒಂದೇ ಆವರಣ. ಜೂಡೊದವರಿಗೆ ಬೆಲ್ಟ್ ಇದೆ, ಉಳಿದ ಇಬ್ಬರಿಗೆ ಇಲ್ಲ. ಪಂದ್ಯದಲ್ಲಿ ಮೂವರನ್ನೂ ವಿಂಗಡಿಸುವುದು ದೇಹದ ತೂಕದ ಮೇಲೆ. ವಿಶ್ವ ಕರಾಟೆ ಒಕ್ಕೂಟದ ನಿಯಮದ ಕುಮಿಟೆ ಪಂದ್ಯಗಳಲ್ಲಂತೂ ಇಬ್ಬರೂ ತಮ್ಮ ಶ್ರೇಣಿಯ ಬೆಲ್ಟ್ ಬಿಚ್ಚಿಟ್ಟು, ಒಬ್ಬರು ಕೆಂಪು, ಒಬ್ಬರು ನೀಲಿ ಕಟ್ಟುತ್ತಾರೆ. ಅದು ತೀರ್ಪುಗಾರರು ಗುರುತು ಹಿಡಿಯಲು, ಅಷ್ಟೇ.

ಒಂದೇ ಬಣ್ಣ, ಬೇರೆ ಬೇರೆ ತೂಕ

ಕರಾಟೆಗೆ ಜಗತ್ತಿಗೆಲ್ಲ ಒಂದೇ ಬೋರ್ಡು ಇಲ್ಲ. ಶೊಟೊಕಾನ್, ಗೊಜು ರ್ಯು, ಶಿಟೊ ರ್ಯು, ವಾಡೊ ರ್ಯು ಎಂಬ ದೊಡ್ಡ ಶೈಲಿಗಳಿವೆ. ಪ್ರತಿಯೊಂದರಲ್ಲೂ ಹಲವು ಸಂಸ್ಥೆಗಳು. ಬಣ್ಣಗಳ ಕ್ರಮ, ಸಂಖ್ಯೆ, ನಡುವಿನ ಅವಧಿ ಆಯಾ ಸಂಸ್ಥೆಯದು. ಒಂದು ಕಡೆ ಹಸಿರಿನ ನಂತರ ನೀಲಿ, ಇನ್ನೊಂದು ಕಡೆ ನೇರಳೆ. ಹಾಗಾಗಿ ಪಕ್ಕದ ಓಣಿಯ ಹುಡುಗ ನೀಲಿ, ನಮ್ಮ ಹುಡುಗಿ ಇನ್ನೂ ಕಿತ್ತಳೆ ಎಂದು ಹೋಲಿಸಿ ಬೇಜಾರು ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಬ್ರೆಜಿಲಿಯನ್ ಜುಜುತ್ಸು ನೋಡಿ. ದೊಡ್ಡವರಿಗೆ ಬಿಳಿಯಿಂದ ಕಪ್ಪಿನವರೆಗೆ ಐದೇ ಬಣ್ಣ: ಬಿಳಿ, ನೀಲಿ, ನೇರಳೆ, ಕಂದು, ಕಪ್ಪು. ಕಪ್ಪು ಮುಟ್ಟಲು ಸುಮಾರು ಹತ್ತು ವರ್ಷ ಹಿಡಿಯುವುದು ಮಾಮೂಲು. ಅಲ್ಲಿ ನೀಲಿ ಅಂದರೆ ದೊಡ್ಡವರ ಮೊದಲ ಬಡ್ತಿ, ಅದಕ್ಕೂ ವರ್ಷಗಳ ಬೆವರು ಬೇಕು. ಕರಾಟೆಯಲ್ಲಿ ವಾರಕ್ಕೆ ಮೂರು ದಿನ ತಪ್ಪದೆ ಕಲಿತರೆ ಕಪ್ಪಿಗೆ ನಾಲ್ಕೈದು ವರ್ಷ ಎಂಬುದು ಸಾಮಾನ್ಯ ಲೆಕ್ಕ. ಇದರಿಂದ ಒಂದು ಮೇಲು, ಒಂದು ಕೀಳು ಆಗುವುದಿಲ್ಲ. ಒಂದು ಪದ್ಧತಿಯಲ್ಲಿ ಕಪ್ಪು ಅಂದರೆ 'ಆಳವಾಗಿ ಬಲ್ಲವರು', ಇನ್ನೊಂದರಲ್ಲಿ 'ಮೂಲ ಪಾಠ ಗಟ್ಟಿಯಾದವರು'.

ಒಂಬತ್ತು ವರ್ಷದ ಮಗುವಿಗೆ ಬ್ಲ್ಯಾಕ್ ಬೆಲ್ಟ್ ಬಂತು ಎಂಬ ಸುದ್ದಿಯನ್ನೂ ಹೀಗೇ ನೋಡಬೇಕು. ಕೊರಿಯಾದ ಕುಕ್ಕಿವಾನ್ ಎಂಬ ಟೇಕ್ವಾಂಡೊ ಕೇಂದ್ರ 15 ವರ್ಷದೊಳಗಿನವರಿಗೆ ಡ್ಯಾನ್ ಕೊಡುವುದಿಲ್ಲ, 'ಪೂಮ್' ಎಂಬ ಬೇರೆ ದರ್ಜೆ ಕೊಡುತ್ತದೆ. ಆ ಬೆಲ್ಟ್ ಅರ್ಧ ಕೆಂಪು, ಅರ್ಧ ಕಪ್ಪು. ಮಗುವಿನ ಶ್ರಮಕ್ಕೆ ಮರ್ಯಾದೆಯೂ ಸಿಕ್ಕಿತು, ದೊಡ್ಡವರ ದರ್ಜೆಯ ಗೊಂದಲವೂ ಇಲ್ಲ. ನನಗೆ ಇದು ತುಂಬಾ ಸರಿ ಅನ್ನಿಸುತ್ತದೆ.

ಬೆಲ್ಟ್ ಏನು ಕೊಡುವುದಿಲ್ಲ

ಬ್ಲ್ಯಾಕ್ ಬೆಲ್ಟ್ ಆದವರು ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಬೇಕು, ಅವರ ಕೈ ಆಯುಧಕ್ಕೆ ಸಮ ಎಂಬ ಮಾತಿದೆ. ನಮ್ಮ ದೇಶದಲ್ಲಿ ಅಂಥ ಕಾನೂನು ಇಲ್ಲ. ಬೆಲ್ಟ್ ಇದ್ದರೆ ಕಾಲೇಜಿನಲ್ಲಿ ಕ್ರೀಡಾ ಕೋಟಾ ಸೀಟು ಸಿಗುತ್ತದೆ ಎಂದೂ ಕೆಲವರು ನಂಬಿದ್ದಾರೆ. ಕೋಟಾಕ್ಕೆ ನೋಡುವುದು ಮಾನ್ಯತೆ ಇರುವ ಪಂದ್ಯಾವಳಿಗಳಲ್ಲಿ ಆಡಿದ್ದು, ಗೆದ್ದದ್ದು. ಗ್ರೇಡಿಂಗ್ ಸರ್ಟಿಫಿಕೇಟ್ ಅದಕ್ಕೆ ಬದಲಿಯಲ್ಲ. ಇನ್ನು ಆತ್ಮರಕ್ಷಣೆ. ಹಳದಿ ಬೆಲ್ಟ್ ಬಂತು ಎಂದು ಹುಡುಗಿ ರಾತ್ರಿ ಯಾರನ್ನಾದರೂ ಎದುರಿಸಬಲ್ಲಳು ಎಂದುಕೊಳ್ಳುವುದು ಅಪಾಯ. ಗಟ್ಟಿಯಾಗಿ ಕೂಗುವುದು, ಕೈ ಬಿಡಿಸಿಕೊಂಡು ಓಡುವುದು, 112ಕ್ಕೆ ಕರೆ ಮಾಡುವುದು, ಮನೆಯಲ್ಲಿ ಹೇಳುವ ಧೈರ್ಯ. ಇವು ಎಲ್ಲ ಬಣ್ಣಕ್ಕೂ ಮೊದಲು ಬೇಕು.

ಕೊಡುವವರ ಕೈ

ಜೀನ್ಸ್ ಹೊಲಿಯುವ ಅಕ್ಕನಿಗೆ ಇದನ್ನು ಹೇಳುವುದು ಸುಲಭವಾಯಿತು. ಲೇಬಲ್ ಹೊಲಿಯಲು ಅರ್ಧ ನಿಮಿಷ ಸಾಕು. ಬಟ್ಟೆ, ದಾರ, ಜೋಡುಹೊಲಿಗೆ ಗಟ್ಟಿ ಇದ್ದರೆ ಮಾತ್ರ ಆ ಲೇಬಲ್‌ಗೆ ಬೆಲೆ. ಬೆಲ್ಟೂ ಅಂಗಡಿಯಲ್ಲಿ ಸಿಗುತ್ತದೆ, ಕಪ್ಪು ಬಣ್ಣದ್ದೂ ಸಿಗುತ್ತದೆ. ಬೆಲೆ ಬರುವುದು ಯಾರು ಕೊಟ್ಟರು, ಏನು ನೋಡಿ ಕೊಟ್ಟರು ಎಂಬುದರಿಂದ.

ಕೊಡುವವರೂ ತಪ್ಪಬಹುದು. ಕೇಕೊ ಫುಕುದ ಎಂಬ ಮಹಿಳೆಯ ಕತೆ ಹೇಳಬೇಕು. 1913ರಲ್ಲಿ ಹುಟ್ಟಿದ ಅವರು ಕಾನೊ ಅವರಿಂದಲೇ ಜೂಡೊ ಕಲಿತರು. ಅವರ ತಾತ ಕಾನೊ ಅವರಿಗೆ ಜುಜುತ್ಸು ಕಲಿಸಿದ ಗುರು. 1953ರಲ್ಲಿ ಫುಕುದ ಅವರಿಗೆ 5ನೇ ಡ್ಯಾನ್ ಬಂತು. ಅಲ್ಲಿಂದ ಮುಂದೆ ಹೆಂಗಸರಿಗೆ ದಾರಿ ಇರಲಿಲ್ಲ. ಸುಮಾರು ಎರಡು ದಶಕ ಅವರು ಅದೇ ದರ್ಜೆಯಲ್ಲಿ ಕಲಿಸುತ್ತಾ ಹೋದರು. 1972ರಲ್ಲಿ 6ನೇ ಡ್ಯಾನ್ ಸಿಕ್ಕಿತು. 2006ರಲ್ಲಿ ಕೊಡೊಕಾನ್ 9ನೇ ಡ್ಯಾನ್ ಕೊಟ್ಟಿತು, 2011ರಲ್ಲಿ ಅಮೆರಿಕದ ಜೂಡೊ ಸಂಸ್ಥೆ 10ನೇ ಡ್ಯಾನ್ ಕೊಟ್ಟಿತು. ಆಗ ಅವರಿಗೆ 98 ವರ್ಷ. ಅವರ ವಿದ್ಯೆ ಆ ಎರಡು ದಶಕದಲ್ಲಿ ನಿಂತಿರಲಿಲ್ಲ, ಪಟ್ಟಿ ಮಾತ್ರ ನಿಂತಿತ್ತು. ಅದಕ್ಕಾಗಿ ಹೋರಾಡಿದವರಿಗೆ ಗೊತ್ತಿತ್ತು: ದರ್ಜೆ ಅಂದರೆ ಯಾರ ಮಾತಿಗೆ ಎಷ್ಟು ತೂಕ ಎಂಬುದೂ ಹೌದು.

ಫೀಸು ಕಟ್ಟುವ ಮುಂಚೆ

ಗ್ರೇಡಿಂಗ್‌ಗೆ ಫೀಸು ಇರುವುದು ತಪ್ಪಲ್ಲ. ಪರೀಕ್ಷಕರು ಹೊರಗಿನಿಂದ ಬರುತ್ತಾರೆ, ಬೆಲ್ಟ್, ಸರ್ಟಿಫಿಕೇಟ್, ಸಂಸ್ಥೆಯಲ್ಲಿ ನೋಂದಣಿ, ಎಲ್ಲಕ್ಕೂ ಖರ್ಚಿದೆ. ಆದರೆ ಕೇಳುವ ಹಕ್ಕು ಮನೆಯವರಿಗಿದೆ. ಕಪ್ಪು ಬೆಲ್ಟ್‌ವರೆಗೆ ಒಟ್ಟು ಎಷ್ಟು ಪರೀಕ್ಷೆ, ಒಂದೊಂದಕ್ಕೆ ಎಷ್ಟು? ಈ ಹಂತದಲ್ಲಿ ಮಗುವಿಗೆ ಏನೇನು ಬರಬೇಕು, ಬರೆದು ಕೊಡುತ್ತೀರಾ? ಸರ್ಟಿಫಿಕೇಟ್ ಯಾವ ಸಂಸ್ಥೆಯದು, ಮುಂದೆ ಬೆಂಗಳೂರಿಗೆ ಹೋದರೆ ಅಲ್ಲಿ ಒಪ್ಪುತ್ತಾರಾ? ಶೈಲಿ ಬದಲಾದರೆ ಹೊಸ ಕಡೆ ಮತ್ತೆ ಪರೀಕ್ಷೆ ಮಾಡುವುದೋ, ಬಿಳಿಯಿಂದ ಶುರು ಮಾಡಿಸುವುದೋ ಮಾಮೂಲು. ನನ್ನ ಲೆಕ್ಕದಲ್ಲಿ ದೊಡ್ಡ ಪ್ರಶ್ನೆ ಇನ್ನೊಂದು: ಇಲ್ಲಿ ಯಾವತ್ತಾದರೂ ಯಾರಾದರೂ ನಪಾಸಾಗಿದ್ದಾರಾ? ಹೌದು, ಮತ್ತೆ ಕೂರಿಸಿದೆವು ಎಂದು ಮಾಸ್ಟರ್ ಹೇಳಿದರೆ ಆ ಕ್ಲಾಸಿನ ಬೆಲ್ಟ್ ನಂಬಬಹುದು.

ಅಕ್ಕ ಹೋಗಿ ಕೇಳಿಕೊಂಡು ಬಂದರು. ಕಳೆದ ಸಲ ನಾಲ್ಕು ಮಕ್ಕಳು ಪಾಸಾಗಿರಲಿಲ್ಲ ಎಂದು ಮಾಸ್ಟರ್ ನೇರವಾಗಿ ಹೇಳಿದರಂತೆ. ಕಿತ್ತಳೆಗೆ ಹೆಯಾನ್ ಶೋಡಾನ್ ಕಟಾ, ಐದು ಹೆಜ್ಜೆಯ ಕುಮಿಟೆ ಎಂದು ಒಂದು ಹಾಳೆಯಲ್ಲಿ ಬರೆದೂ ಕೊಟ್ಟಿದ್ದರು.

ಅವತ್ತು ಸಂಜೆ ಹುಡುಗಿಯನ್ನು ಮಾಳಿಗೆ ಮೇಲೆ ಕರೆದೆವು. ಅಕ್ಕ ರಂಗೋಲಿ ಪುಡಿಯಲ್ಲಿ ಪಾದದ ಗುರುತು ಹಾಕಿದರು. ಹುಡುಗಿ ಅಲ್ಲಿ ನಿಂತು, ಬಗ್ಗಿ ನಮಸ್ಕಾರ ಮಾಡಿ, 21 ಚಲನೆಯನ್ನೂ ಮಾಡಿದಳು. ಎರಡನೇ ಕೂಗಿಗೆ ಪಕ್ಕದ ಮನೆಯವರು ಇಣುಕಿ ನೋಡಿದರು. ಮುಗಿಸಿ ನಿಂತಾಗ ರಂಗೋಲಿಯ ಗುರುತು ಒಂದೂವರೆ ಗೇಣು ಆಚೆ ಇತ್ತು. ಅಕ್ಕ ಬಗ್ಗಿ ಕೈಯಿಂದ ಅಳೆದರು. ಹುಡುಗಿಯೂ ನೋಡಿದಳು.

"ಭಾನುವಾರಕ್ಕೆ ಇನ್ನೂ ನಾಲ್ಕು ದಿನ ಅದಾವಲ್ಲ," ಅಂದರು ಅಕ್ಕ. ಹುಡುಗಿ ಆಗಲೇ ಮತ್ತೆ ಗುರುತಿನ ಮೇಲೆ ನಿಂತಿದ್ದಳು.